ಹೇಳಿದ ದಿನಕ್ಕೆ ಕೊಟ್ಟ ಅಂಗಿ

ಫೆಬ್ರವರಿ 3, ಸೋಮವಾರ

ಇದು ಅಳತೆ ಬರೆಯಲು ತಂದ ಪುಸ್ತಕ. ಉದ್ದ, ಭುಜ, ಎದೆ, ತೋಳು, ಕಾಲರ್ ಎಂದು ಖಾನೆ ಎಳೆದಿಟ್ಟು ಎರಡು ವರ್ಷವಾಯಿತು, ಅರ್ಧವೂ ತುಂಬಿಲ್ಲ. ಜನ ಈಗ ಅಂಗಡಿಯಲ್ಲಿ ಸಿದ್ಧ ಉಡುಪು ಕೊಳ್ಳುತ್ತಾರೆ, ಅದು ಮೈಗೆ ಕೂರದಿದ್ದಾಗ ಮಾತ್ರ ನನ್ನನ್ನು ನೆನೆಸಿಕೊಳ್ಳುತ್ತಾರೆ. ಖಾಲಿ ಹಾಳೆ ಸುಮ್ಮನೆ ಹಳದಿಯಾಗುವ ಬದಲು ದಿನಕ್ಕೆ ನಾಲ್ಕು ಸಾಲು ಬರೆಯೋಣ ಎನಿಸಿತು. ಈ ಬುದ್ಧಿ ಇವತ್ತೇ ಯಾಕೆ ಬಂತೆಂದರೆ, ಮಧ್ಯಾಹ್ನದಿಂದ ಒಂದು ಕಿರಿಕಿರಿ ಬಿಡುತ್ತಿಲ್ಲ, ಅದನ್ನು ಯಾರ ಮುಂದೂ ಹೇಳುವ ಹಾಗಿಲ್ಲ.

ಆಯೋಗದ ಹುಡುಗಿ ಬಂದಿದ್ದಳು. ಮೂವತ್ತೊಂದು ವರ್ಷದ ಹಿಂದಿನ ಕರ್ಫ್ಯೂ ಕಾಲದಲ್ಲಿ ಯಾರನ್ನು ಯಾರು ಹಿಡಿದುಕೊಂಡು ಹೋದರು, ಎಲ್ಲಿ ಹೂತರು ಎಂದು ವಿಚಾರಿಸಲು ಹೊಸ ಸರ್ಕಾರ ಮಾಡಿರುವ ಆಯೋಗ ಅದು. ಹುಡುಗಿ ಎಂದರೆ ಅಧಿಕಾರಿಯೇ, ಆದರೆ ನನ್ನ ಮಗಳಿಗಿಂತ ಚಿಕ್ಕವಳು. ಹಾಕಿದ್ದ ಕೋಟಿನ ತೋಳು ಒಂದು ಇಂಚು ಉದ್ದ. ಅವಳು ಮಾತಾಡುತ್ತಿದ್ದಷ್ಟು ಹೊತ್ತೂ ನನ್ನ ಕಣ್ಣು ಆ ತೋಳಿನ ಮೇಲೇ ಇತ್ತು. ಬಿಚ್ಚಿ ಕೊಡಮ್ಮ, ಹತ್ತು ನಿಮಿಷದ ಕೆಲಸ ಎನ್ನಬೇಕೆನಿಸಿತು.

ಹಳೆಯ ಇಟ್ಟಿಗೆ ಗೂಡಿನ ಹಿಂದೆ ಗುಂಡಿಯೊಂದು ಸಿಕ್ಕಿದೆಯಂತೆ. ಅದರಲ್ಲಿ ಏಳು ಜನ. ಆರು ಜನರ ಗುರುತು ಹತ್ತಿದೆ, ರಕ್ತ ಸಂಬಂಧಿಗಳಿಂದ. ನಾಲ್ಕನೆಯ ನಂಬರಿಗೆ ಮಾತ್ರ ಯಾರೂ ಹೊಂದುತ್ತಿಲ್ಲ. ಅವನ ಹತ್ತಿರ ಉಳಿದಿರುವುದು ಒಂದು ಅಂಗಿ. ಫೋಟೊ ತೋರಿಸಿದಳು. ಅದನ್ನು ಅಂಗಿ ಎನ್ನಲೂ ಆಗದು. ಟೆರಿಕಾಟ್ ಬಟ್ಟೆ ಮಣ್ಣಿನಲ್ಲಿ ಕರಗುವುದಿಲ್ಲ, ಹತ್ತಿಯ ದಾರ ಕರಗುತ್ತದೆ. ಹಾಗಾಗಿ ಹೊಲಿಗೆ ಅಷ್ಟೂ ಹೋಗಿ ತೋಳು, ಬೆನ್ನು, ಮುಂಭಾಗ, ಕಾಲರ್ ಎಲ್ಲವೂ ಕತ್ತರಿಸಿ ಮೇಜಿನ ಮೇಲಿಟ್ಟ ದಿನ ಇದ್ದಂತೆ ಬಿಡಿಬಿಡಿಯಾಗಿವೆ.

ಊರಿನಲ್ಲಿ ಆ ಕಾಲದ ಟೈಲರ್‌ಗಳು ಐದು ಜನ ಉಳಿದಿದ್ದೇವೆ. ಐವರಿಗೂ ತೋರಿಸುತ್ತಿದ್ದಾಳೆ. ನಾನು ಕನ್ನಡಕ ಹಾಕಿಕೊಂಡು ನೋಡಿ, ನಂದಲ್ಲ ಎಂದೆ. ನಿಧಾನವಾಗಿ ಇನ್ನೊಮ್ಮೆ ನೋಡಿ ಮಾಸ್ಟ್ರೇ ಎಂದು ಫೋಟೊ ಇಲ್ಲೇ ಬಿಟ್ಟು ಹೋದಳು.

ಊಟಕ್ಕೆ ಕೂತಾಗ ನಮ್ಮವಳು, ಯಾಕೆ ಮುಖ ಊದಿದೆ, ಗಿರಾಕಿ ಯಾರಾದರೂ ಹೇಳಿದ ದಿನಕ್ಕೆ ಬಟ್ಟೆ ಕೊಡಿ ಎಂದು ಗಂಟು ಬಿದ್ದರಾ ಎಂದಳು. ಅವಳಿಗೆ ಇದೊಂದು ಹಳೆಯ ತಮಾಷೆ. ಅವಳ ಮದುವೆಯ ಬಟ್ಟೆಯನ್ನು ಮದುವೆಯಾದ ಮೂರನೆಯ ದಿನ ಕೊಟ್ಟವನು ನಾನು.

ಫೆಬ್ರವರಿ 5, ಬುಧವಾರ

ಕಾಜಾ ಕೆಲಸದ ಹೆಂಗಸು ಬಂದು ಎಂಟು ಅಂಗಿಯ ಗಂಟು ತೆಗೆದುಕೊಂಡು ಹೋದಳು. ಗುಂಡಿ ಮನೆಗೆ ಕೈಯಿಂದ ಅಂಚು ಕಟ್ಟುವುದರಲ್ಲಿ ಈ ಊರಿನಲ್ಲಿ ಅವಳನ್ನು ಮೀರಿಸಿದವರಿಲ್ಲ. ಗಂಡ ಕಾಣೆಯಾದ ಮೇಲೆ ಅವಳಿಗೆ ಈ ಕೆಲಸ ಕಲಿಸಿದ್ದೂ ನಾನೇ, ಮೂವತ್ತೊಂದು ವರ್ಷ ಒಂದು ವಾರವೂ ತಪ್ಪಿಸದೆ ಕೆಲಸ ಕೊಟ್ಟಿದ್ದೂ ನಾನೇ. ನನ್ನ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೆ ಇದ್ದದ್ದು ಇದ್ದ ಹಾಗೆ ಬರೆಯಬೇಕಲ್ಲ.

ಅವಳ ಗಂಡ ಅಚ್ಚುಕೂಟದಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸುವವನು. ಅನಾಥಾಲಯದಲ್ಲಿ ಬೆಳೆದವನು, ಹಿಂದೆ ಮುಂದೆ ಯಾರಿಲ್ಲ. ಮಕ್ಕಳೂ ಆಗಲಿಲ್ಲ. ಹಾಗಾಗಿ ಆಯೋಗದವರು ರಕ್ತ ಯಾರದು ತೆಗೆದುಕೊಳ್ಳುವುದು ಎಂದು ಕೈಚೆಲ್ಲಿದ್ದಾರಂತೆ. ನಾಲ್ಕನೆಯ ನಂಬರು ಅವನೇ ಇರಬಹುದು, ಇಲ್ಲದೆಯೂ ಇರಬಹುದು. ಸಾಕ್ಷಿಯಿಲ್ಲದೆ ಕೊಡಲು ಬರುವುದಿಲ್ಲ. ತಿಂಗಳೊಳಗೆ ಗುರುತು ಸಿಗದಿದ್ದರೆ ನಂಬರು ಹಾಕಿ ಸರ್ಕಾರದ ಜಾಗದಲ್ಲಿ ಮಣ್ಣು ಮಾಡುತ್ತಾರೆ.

ಗಂಟು ಕಟ್ಟುತ್ತಾ ಕೇಳಿದಳು:

“ಅಣ್ಣ, ಬೇಜಾರು ಮಾಡ್ಕೋಬೇಡಿ, ಆವಾಗ್ಲೂ ಕೇಳಿದ್ದೆ. ಅವತ್ತು ಹೊಸ ಶರ್ಟ್ ತರ್ತೀನಿ ಅಂತ ಹೇಳಿ ಹೋಗಿದ್ರು. ನಿಮ್ಮ ಅಂಗಡಿಗೆ ಬಂದೇ ಇರ್ಲಿಲ್ವಾ?”

ಬಂದಿರಲಿಲ್ಲಮ್ಮ ಎಂದೆ. ಅವತ್ತು ಬೇಗ ಅಂಗಡಿ ಮುಚ್ಚಿದ್ದೆ. ಅವನು ಬಂದಿರಲಿಲ್ಲ.

ಫೆಬ್ರವರಿ 6, ಗುರುವಾರ

ಒಂದು ಪ್ಯಾಂಟು ಕೆಡಿಸಿದೆ. ಬಲಗಾಲು ಎರಡು ಸಲ ಕತ್ತರಿಸಿದ್ದೇನೆ, ಎಡಗಾಲೇ ಇಲ್ಲ.

ಫೆಬ್ರವರಿ 10, ಸೋಮವಾರ

ಪಟ್ಟಿ ಸಾಹೇಬ ಬಂದಿದ್ದ. ಪ್ಯಾಂಟಿನ ಸೊಂಟ ಎರಡು ಇಂಚು ಬಿಡಬೇಕಂತೆ. ಕರ್ಫ್ಯೂ ಕಾಲದಲ್ಲಿ ಸಮವಸ್ತ್ರವಿಲ್ಲದೆ, ಜೇಬಿನಲ್ಲಿ ಹೆಸರುಗಳ ಪಟ್ಟಿ ಇಟ್ಟುಕೊಂಡು ತಿರುಗುತ್ತಿದ್ದವನು. ಜನ ಇಟ್ಟ ಅಡ್ಡಹೆಸರು ಹಾಗೇ ಉಳಿದಿದೆ. ನಿವೃತ್ತನಾಗಿ ಮೊಮ್ಮಕ್ಕಳನ್ನು ಶಾಲೆಗೆ ಬಿಡುತ್ತಾನೆ. ಅವನ ಸೊಂಟ ಮೂವತ್ತೆರಡರಿಂದ ನಲವತ್ತಕ್ಕೆ ಬೆಳೆದದ್ದಕ್ಕೆ ನನ್ನ ಪುಸ್ತಕಗಳೇ ಸಾಕ್ಷಿ. ನಾನು ಅವನಿಗೆ ಹೊಲಿಯುವುದಿಲ್ಲ ಎಂದು ಎಂದೂ ಹೇಳಿಲ್ಲ.

ಟೇಪು ಸುತ್ತಲು ಬಗ್ಗಿದಾಗ ಮೆಲ್ಲಗೆ ಶುರುಮಾಡಿದ. ಅವನೂ ಆಯೋಗಕ್ಕೆ ಅರ್ಜಿ ಹಾಕಿದ್ದಾನೆ. ಮೇಲಿನವರ ಆದೇಶದಂತೆ ಮಾಡಿದ್ದನ್ನು ಮುಚ್ಚಿಡದೆ ಒಪ್ಪಿಕೊಂಡರೆ ಶಿಕ್ಷೆಯಿಲ್ಲ ಎಂಬುದು ಹೊಸ ಕಾನೂನು. ಗೂಡಿನ ಗುಂಡಿಯ ಆರು ಜನ ಪಟ್ಟಿಯಲ್ಲಿದ್ದವರು. ಉಳಿದ ಒಬ್ಬ, ಆ ನಾಲ್ಕನೆಯ ನಂಬರಿನವನು, ಪಟ್ಟಿಯಲ್ಲಿರಲಿಲ್ಲ. ಜನರನ್ನು ಎತ್ತಿಕೊಂಡು ಹೋಗುತ್ತಿರುವವನು ಇವನೇ ಎಂದು ಸಾಹೇಬನ ಹೆಸರು ಹಾಕಿ ಒಂದು ಕರಪತ್ರ ಅಚ್ಚು ಹಾಕಿದ್ದ, ಅಷ್ಟೇ ಅವನ ಅಪರಾಧ. ಅದಕ್ಕೆ ಆದೇಶವಿಲ್ಲ, ಆದ್ದರಿಂದ ಮಾಫಿಯೂ ಇಲ್ಲ.

“ಅವನು ಯಾರು ಅಂತ ನಂಗೊತ್ತಿಲ್ಲ ಅಂತೀನಿ. ನೀವು ಶರ್ಟ್ ನಿಮ್ಮದಲ್ಲ ಅನ್ನಿ. ನಿಮ್ಮ ಅಂಗಡಿ ಸುದ್ದಿ ನನ್ನ ಬಾಯಲ್ಲಿ ಬರಲ್ಲ. ಈ ವಯಸ್ಸಲ್ಲಿ ಇಬ್ರಿಗೂ ಯಾಕೆ ಬೇಕು ಮಾಸ್ಟ್ರೇ?”

ನನ್ನ ಟೇಪು ಇನ್ನೂ ಅವನ ಸೊಂಟದ ಸುತ್ತ ಇತ್ತು. ನಲವತ್ತೆರಡು ಎಂದು ಬರೆದುಕೊಂಡೆ. ಯಾವತ್ತು ಬೇಕು ಎಂದೆ. ಮುಂದಿನ ವಾರ ಎಂದ. ಅವನು ಹೋದ ಮೇಲೆ ಕೈ ತೊಳೆದೆ, ಆಮೇಲೆ ಟೇಪನ್ನೂ ತೊಳೆದೆ. ಒದ್ದೆಯಾಗಿ ಅದರ ಅಂಕಿಗಳು ಕಲೆಸಿಹೋಗಿವೆ. ಇನ್ನೊಂದು ಕೊಳ್ಳಬೇಕು.

ಫೆಬ್ರವರಿ 11, ಮಂಗಳವಾರ

ಐದನೆಯ ತಾರೀಖಿನಲ್ಲಿ ಬರೆದದ್ದು ಸರಿಯಿಲ್ಲ. ಅಳತೆ ಪುಸ್ತಕದಲ್ಲಿ ನಾವು ಗೀಚಿ ಅಳಿಸುವುದಿಲ್ಲ. ಅಳತೆ ತಪ್ಪಿದ್ದರೆ ಮತ್ತೆ ಟೇಪು ಹಿಡಿದು ಕೆಳಗೆ ಸರಿಯಾದದ್ದನ್ನು ಬರೆಯುತ್ತೇವೆ. ಹಾಗಾಗಿ ಇಲ್ಲಿ ಬರೆಯುತ್ತೇನೆ.

ಅಚ್ಚಿನವನು ಅವತ್ತು ಬಂದಿದ್ದ. ಸಂಜೆ ಆರಕ್ಕೆ ಸರಿಯಾಗಿ ಬಂದ. ತಿಳಿ ನೀಲಿ ಟೆರಿಕಾಟ್ ಅಂಗಿ. ಮೊಳೆಯ ಭಾರದ ಪೆಟ್ಟಿಗೆಗಳನ್ನು ಹೊತ್ತು ಹೊತ್ತು ಅವನ ಎಡ ಭುಜ ಇಳಿದಿತ್ತು; ಅದಕ್ಕೆ ತಕ್ಕಂತೆ ಕತ್ತರಿಸಿದ್ದೆ. ಕಾಜಾ ಮಾಡುವವನು ಕರ್ಫ್ಯೂಗೆ ಹೆದರಿ ಬಾರದಿದ್ದರಿಂದ ನಾನೇ ಮಾಡುತ್ತಿದ್ದೆ. ಆರರಲ್ಲಿ ಐದಾಗಿತ್ತು. ಕೂತ್ಕೊಳಪ್ಪ, ಇನ್ನೊಂದಿದೆ ಎಂದೆ. “ಬಿಡಿ ಮಾಸ್ಟ್ರೇ, ಪ್ಯಾಂಟ್ ಒಳಗೆ ಹೋಗೋ ಗುಂಡಿ, ಯಾರು ನೋಡ್ತಾರೆ” ಎಂದು ಅಲ್ಲೇ ಹಾಕಿಕೊಂಡ. ಕನ್ನಡಿಯಲ್ಲಿ ನೋಡಿ ಎರಡೂ ಭುಜ ಸಮ ಕಾಣುತ್ತೆ ಎಂದು ಖುಷಿಪಟ್ಟ. “ಇದೇ ಮೊದಲ ಸಲ ಹೇಳಿದ ದಿನಕ್ಕೆ ಕೊಟ್ರಿ” ಎಂದು ನಕ್ಕ.

ಹೊರಗೆ ಹೋದ. ತಿರುವಿನಲ್ಲಿ ಜೀಪು ನಿಂತಿತ್ತು. ಇಬ್ಬರು ಎರಡು ಕಡೆಯಿಂದ ತೋಳು ಹಿಡಿದರು. ದೀಪದ ಕಂಬದ ಹತ್ತಿರ ಪಟ್ಟಿ ಸಾಹೇಬ. ನಾನು ಷಟರು ಅರ್ಧ ಎಳೆದೆ.

ಎರಡು ದಿನದ ಮೊದಲು ಅದೇ ಸಾಹೇಬ ಅಂಗಡಿಗೆ ಬಂದಿದ್ದ. ತೂಗುಹಾಕಿದ್ದ ಬಟ್ಟೆಗಳ ಚೀಟಿ ಓದುತ್ತಾ ಓದುತ್ತಾ, ಇವನು ಯಾವಾಗ ಬರ್ತಾನೆ ಎಂದು ಕೇಳಿದ. ಗುರುವಾರ ಸಂಜೆ ಆರಕ್ಕೆ ಎಂದೆ. ಚೀಟಿಯಲ್ಲೇ ಬರೆದಿತ್ತು. ಯಾರು ಕೇಳಿದ್ದರೂ ಹೇಳುತ್ತಿದ್ದೆ. ಯಾಕೆ ಕೇಳುತ್ತಿದ್ದಾನೆಂದು ನನಗೇನು ಗೊತ್ತು.

ಫೆಬ್ರವರಿ 14, ಶುಕ್ರವಾರ

ಫೋಟೊ ಹಿಂದಿರುಗಿಸಿ ಬರೋಣವೆಂದು ಆಯೋಗದ ಕಚೇರಿಗೆ ಹೋಗಿದ್ದೆ. ಬೇರೆ ಉದ್ದೇಶವೇನೂ ಇರಲಿಲ್ಲ. ಬಾಗಿಲಲ್ಲಿ ಕೊಟ್ಟು ಬರುವವನಿದ್ದೆ. ಹಳೆಯ ಅಂಚೆ ಕಚೇರಿಯ ಕಟ್ಟಡ, ಹಿಂದಿನ ಕೋಣೆಯಲ್ಲಿ ಬಿಳಿ ಬಟ್ಟೆ ಹಾಸಿದ ಉದ್ದನೆಯ ಮೇಜು. ಹುಡುಗಿ ಒಳಗೆ ಬನ್ನಿ ಮಾಸ್ಟ್ರೇ, ಒಂದು ನಿಮಿಷ ಎಂದಳು.

ಮೇಜಿನ ಮೇಲೆ ಅಂಗಿಯ ತುಂಡುಗಳನ್ನು ಅಂಗಿಯ ಆಕಾರದಲ್ಲಿ ಜೋಡಿಸಿದ್ದರು. ಪೂರಾ ತಪ್ಪು. ಗಂಡಸರ ಅಂಗಿಯ ಕಾಜಾ ಪಟ್ಟಿ ಎಡಕ್ಕೆ ಬರಬೇಕು, ಇವರು ಬಲಕ್ಕೆ ಇಟ್ಟಿದ್ದಾರೆ. ತೋಳುಗಳೂ ಅದಲುಬದಲು. ತೋಳಿನ ಮುಂಬದಿ ಸ್ವಲ್ಪ ಹೆಚ್ಚು ಕೊರೆದಿರುತ್ತದೆ, ನೋಡಿದರೇ ತಿಳಿಯುತ್ತದೆ. ಓದಿದ ಜನ, ಇಷ್ಟು ಗೊತ್ತಾಗಬೇಡವೇ? ಸುಮ್ಮನಿದ್ದು ಬಂದುಬಿಡಬೇಕೆಂದು ಹಲ್ಲು ಕಚ್ಚಿ ನಿಂತೆ. ಆಗಲಿಲ್ಲ. ತೋಳು ತಿರುವುಮುರುವಾಗಿದೆ ಎಂದುಬಿಟ್ಟೆ. ಅವಳು ರಬ್ಬರಿನ ಕೈಗವಸು ಕೊಟ್ಟು, ನೀವೇ ಸರಿ ಮಾಡಿ ಎಂದಳು.

ಎರಡು ನಿಮಿಷವೂ ಹಿಡಿಯಲಿಲ್ಲ. ಕೈಗೆ ಎಲ್ಲ ಗೊತ್ತಿತ್ತು. ಬೆನ್ನು, ಭುಜದ ಪಟ್ಟಿ, ಮುಂಭಾಗ ಎರಡು, ತೋಳು ಎರಡು, ಕಾಲರ್. ಮಣ್ಣಿನ ಕಲೆಯಲ್ಲೂ ತಿಳಿ ನೀಲಿ ಅಲ್ಲಲ್ಲಿ ಉಳಿದಿತ್ತು. ಕಾಜಾ ಪಟ್ಟಿಯಲ್ಲಿ ಸೀಳು ಐದೇ.

ಹುಡುಗಿ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು.

“ಒಂದು ಭುಜ ಸಣ್ಣ ಇದೆ ಅಲ್ವಾ? ಬಟ್ಟೆ ಕುಗ್ಗಿರಬೇಕು ಅಂತ ಬರ್ಕೊಂಡಿದೀವಿ.”

“ಟೆರಿಕಾಟ್ ಕುಗ್ಗಲ್ಲಮ್ಮ. ಎಡ ಭುಜ ಅರ್ಧ ಇಂಚು ಇಳಿಸಿದ್ದು.”

“ಯಾರು ಇಳಿಸಿದ್ದು?”

ಕೈ ಇನ್ನೂ ಆ ಭುಜದ ಮೇಲೇ ಇತ್ತು. ನಾನು, ಅಚ್ಚುಕೂಟದವನಿಗೆ ಎಂದೆ.

ಅವಳು ಕುರ್ಚಿ ಎಳೆದು ಕೂರಿಸಿದಳು, ನೀರು ಕೊಟ್ಟಳು. ಗದರಲಿಲ್ಲ, ಮೊನ್ನೆ ಯಾಕೆ ಸುಳ್ಳು ಹೇಳಿದಿರಿ ಎಂದೂ ಕೇಳಲಿಲ್ಲ. ಆ ವರ್ಷದ ಅಳತೆ ಪುಸ್ತಕ ಇದೆಯೇ ಎಂದಳು. ಅಟ್ಟದ ಮೇಲಿದೆ ಎಂದೆ. ಇಪ್ಪತ್ತಕ್ಕೆ ಬಹಿರಂಗ ಸಭೆ, ಅಲ್ಲಿ ಎಲ್ಲವನ್ನೂ ಹೇಳುತ್ತೀರಾ ಎಂದಳು. ತಲೆಯಾಡಿಸಿದೆ. ಅದು ಹೌದೋ ಅಲ್ಲವೋ ನನಗೇ ಗೊತ್ತಿರಲಿಲ್ಲ. ಕೊನೆಗೆ ಒಂದು ಮಾತು ಹೇಳಿದಳು: ಅವನ ಹೆಂಡತಿ, ಆ ಅಮ್ಮ ಇದನ್ನು ಮೊದಲ ಸಲ ಸಭೆಯಲ್ಲಿ ನೂರು ಜನರ ನಡುವೆ ಕೂತು ಕೇಳುವ ಹಾಗಾಗಬಾರದು.

ಬರುವಾಗ ಅವಳ ಕೋಟಿನ ತೋಳು ಮಡಿಸಿ ಸೂಜಿ ಹಾಕಿಕೊಟ್ಟು ಬಂದೆ. ಸುಮ್ಮನೆ ಕೂರಲು ಆಗುತ್ತಿರಲಿಲ್ಲ.

ಫೆಬ್ರವರಿ 16, ಭಾನುವಾರ

ಅಟ್ಟ ಹತ್ತಿದೆ. ನಮ್ಮವಳು ಕೆಳಗೆ ಏಣಿ ಹಿಡಿದು, ಬಿದ್ದರೆ ಎತ್ತಲು ನನ್ನ ಕೈಲಾಗದು ಎಂದು ಬಯ್ಯುತ್ತಲೇ ಇದ್ದಳು. ಪುಸ್ತಕ ಸಿಕ್ಕಿತು. ಹಾಳೆಯೂ ಸಿಕ್ಕಿತು. ಅಚ್ಚುಕೂಟದವರು, ಉದ್ದ ಇಪ್ಪತ್ತೊಂಬತ್ತು, ಎದೆ ಮೂವತ್ತಾರು, ಎಡ ಭುಜ ಅರ್ಧ ಇಂಚು ಇಳಿ, ಗುರುವಾರ ಸಂಜೆ ಆರು. ಪುಸ್ತಕದ ಹಿಂದೆ ಪೇಪರಿನಲ್ಲಿ ಸುತ್ತಿದ ಪೊಟ್ಟಣವೂ ಸಿಕ್ಕಿತು. ಅದು ಅಲ್ಲಿದೆಯೆಂದು ನನಗೆ ಗೊತ್ತಿತ್ತು. ಹೊಸದನ್ನು ತೊಟ್ಟುಕೊಂಡು ಅವನು ನನ್ನ ಬೆಂಚಿನ ಮೇಲೆ ಬಿಟ್ಟುಹೋದ ಹಳೆಯ ಅಂಗಿ ಅದು. ಸುಟ್ಟುಬಿಡೋಣವೆಂದು ಎಷ್ಟೋ ಸಲ ಅಂದುಕೊಂಡಿದ್ದೆ. ಕೈ ಬರಲಿಲ್ಲ.

ಹನ್ನೊಂದನೆಯ ತಾರೀಖಿನ ಅಳತೆಯೂ ತಪ್ಪು. ಮತ್ತೆ ಬರೆಯುತ್ತೇನೆ, ಇನ್ನು ತಿದ್ದುವುದಿಲ್ಲ.

ಸಾಹೇಬ ಯಾಕೆ ಕೇಳುತ್ತಿದ್ದಾನೆಂದು ನನಗೆ ಗೊತ್ತಿತ್ತು. ಅವನು ಹೆಸರು ಹಿಡಿದು ವಿಚಾರಿಸಿದ ಮನೆಗಳಿಂದ ಆ ತಿಂಗಳು ಯಾರು ಯಾರು ಕಾಣೆಯಾಗಿದ್ದರೆಂದು ಊರಿಗೇ ಗೊತ್ತಿತ್ತು. ತಾರೀಖು ಹೇಳಿದ್ದನ್ನು ಹೆದರಿಕೆಯೆಂದು ಹೊಟ್ಟೆಗೆ ಹಾಕಿಕೊಳ್ಳಬಹುದು. ಎದುರಿಗೆ ಪಿಸ್ತೂಲಿಟ್ಟುಕೊಂಡವನು ಕೇಳಿದ್ದ, ಅಂಗಡಿಯ ಹಿಂದಿನ ಮನೆಯಲ್ಲಿ ನಮ್ಮ ನಲವತ್ತು ದಿನದ ಮಗು ಅಳುತ್ತಿತ್ತು. ಆದರೆ ಆಮೇಲೆ ನನ್ನ ಕೈಯಲ್ಲಿ ಎರಡು ದಿನ ಇದ್ದವು. ನಾನು ಟೈಲರ್. ನಾಳೆ ಬಾ, ನಾಡಿದ್ದು ಬಾ ಎಂದು ಜೀವಮಾನವಿಡೀ ಹೇಳಿಕೊಂಡು ಬಂದವನು. ಅಂಗಿ ಆಗಿಲ್ಲ, ಬರಬೇಡ ಎಂದು ಅಚ್ಚುಕೂಟಕ್ಕೆ ಒಂದು ಮಾತು ಹೇಳಿಕಳಿಸಿದ್ದರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ನನ್ನ ಅಂಗಡಿಯಲ್ಲಿ ಅದಕ್ಕಿಂತ ಸಹಜವಾದ ಮಾತೇ ಇರಲಿಲ್ಲ.

ನಾನು ಕಳಿಸಲಿಲ್ಲ. ಗುರುವಾರ ಅವನು ಬಂದು, ಅಂಗಿಯಿಲ್ಲವೆಂದು ಬೇಗ ಹೊರಟು, ಜೀಪು ಬರುವಷ್ಟರಲ್ಲಿ ತಪ್ಪಿಸಿಕೊಂಡರೆ ಸಾಹೇಬ ನನ್ನನ್ನು ಹಿಡಿಯುತ್ತಾನೆಂದು ಭಯವಾಯಿತು. ಅದಕ್ಕೇ ಉಳಿದವರ ಬಟ್ಟೆಯನ್ನೆಲ್ಲ ಪಕ್ಕಕ್ಕೆ ತಳ್ಳಿ ಬೆಳಿಗ್ಗೆಯಿಂದ ಅದೊಂದನ್ನೇ ಹಿಡಿದು ಕೂತೆ. ಒಬ್ಬನಿಗೂ ಹೇಳಿದ ದಿನಕ್ಕೆ ಕೊಡದವನು ಅವನಿಗೆ ಮಾತ್ರ ಕೊಟ್ಟೆ.

ನಮ್ಮವಳಿಗೆ ಓದಿ ಹೇಳಿದೆ. ಅವಳಿಗೆ ಅರ್ಧ ಗೊತ್ತಿತ್ತು, ತಾರೀಖು ಹೇಳಿದ್ದು. ಉಳಿದರ್ಧ ಗೊತ್ತಿರಲಿಲ್ಲ. ಸೆರಗಿನ ಅಂಚು ಸುತ್ತುತ್ತಾ, ಮಗು ನೆಪ ಮಾಡಿ ಬಾಯಿ ಮುಚ್ಚಿಸಿದವಳು ನಾನೇ ಎಂದು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು,

“ರೀ, ಹೇಳ್ಬಿಡಿ. ಅವಳು ವಾರವಾರ ಬಂದು ನಿಮ್ಮನ್ನ ಅಣ್ಣ ಅಂತಾಳಲ್ಲ, ಅದನ್ನ ನನ್ನ ಕೈಲಿ ಇನ್ನು ಕೇಳಕ್ಕಾಗಲ್ಲ” ಎಂದಳು.

ಫೆಬ್ರವರಿ 18, ಮಂಗಳವಾರ

ಹೋಗಿ ಹೇಳಿಬಂದೆ.

ಬರಿಗೈಯಲ್ಲಿ ಹೋಗಲು ಧೈರ್ಯ ಸಾಲದೆ ಆರು ಅಂಗಿಯ ಗಂಟು ಕಟ್ಟಿಕೊಂಡೆ. ಮೂವತ್ತೊಂದು ವರ್ಷದಲ್ಲಿ ನಾನು ಆ ಕಾಜಾದ ಅಮ್ಮನ ಮನೆಗೆ ಹೋದದ್ದು ಇದೇ ಮೊದಲು. ಒಂದೇ ಕೋಣೆ. ಕಿಟಕಿಯ ಕೆಳಗೆ ಚಾಪೆ, ದಾರದ ಡಬ್ಬಿ, ಗೋಡೆಯ ಮೇಲೆ ಅವನ ಫೋಟೊ. ಫೋಟೊದಲ್ಲೂ ಎಡ ಭುಜ ಇಳಿದಿದೆ. ಅವರು ಕೂತು ಕಾಜಾ ಮಾಡುತ್ತಿದ್ದರು. ಏನಣ್ಣ, ಹೇಳಿಕಳಿಸಿದ್ರೆ ನಾನೇ ಬರ್ತಿದ್ನಲ್ಲ ಎಂದು ಎದ್ದರು. ಕೂತ್ಕೊಳಮ್ಮ ಎಂದೆ. ನಾನು ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಹದಿನಾರನೆಯ ತಾರೀಖಿನಲ್ಲಿ ಬರೆದಂತೆ, ಒಂದೂ ಬಿಡದೆ. ಅವರು ಒಂದು ಸಲವೂ ತಲೆಯೆತ್ತಲಿಲ್ಲ. ಸೂಜಿ ಹೋಗುತ್ತಿತ್ತು, ಬರುತ್ತಿತ್ತು. ಅಂಗಿ ಮುಗಿಸಲು ಬೆಳಿಗ್ಗೆಯಿಂದ ಕೂತೆ ಎಂದಾಗ ಸೂಜಿ ನಿಂತಿತು.

ಪೊಟ್ಟಣ ಕೊಟ್ಟೆ. ಬಿಚ್ಚಿ ಕಾಲರ್ ಮುಟ್ಟಿ ನೋಡಿದರು.

“ಸವೆದಿತ್ತು ಅಂತ ನಾನೇ ತಿರುಗಿಸಿ ಹೊಲಿದಿದ್ದೆ. ಆಗ ನಂಗೆ ಹೊಲಿಯಕ್ಕೆ ಬರ್ತಿರ್ಲಿಲ್ಲ, ನೋಡಿ ಎಷ್ಟು ಸೊಟ್ಟಗಿದೆ.”

ಅದು ನನಗೆ ಹೇಳಿದ ಮಾತಲ್ಲ. ಆಮೇಲೆ ನನ್ನ ಕಡೆ ನೋಡದೆಯೇ, ಗಂಟು ಅಲ್ಲಿಡಿ ಎಂದರು. ಇಟ್ಟು ಬಂದೆ. ಕ್ಷಮಿಸು ಎನ್ನಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ, ಅಲ್ಲಿ ಅದು ಬಾಯಿಗೆ ಬರಲಿಲ್ಲ. ಆ ಮಾತನ್ನೂ ಅವರ ತಲೆಯ ಮೇಲೆ ಹೊರಿಸಿ ಬರುವುದು ಸರಿಯಲ್ಲವೆಂದು ಈಗ ಅನಿಸುತ್ತಿದೆ.

ಫೆಬ್ರವರಿ 20, ಗುರುವಾರ

ಸಭೆ ಮುಗಿಯಿತು. ಪುಸ್ತಕ ಮೇಜಿನ ಮೇಲಿಟ್ಟು ಹಾಳೆ ತೋರಿಸಿ ಹೇಳಿದೆ. ಇಲ್ಲಿ ಮೂರು ಸಲ ಬರೆದದ್ದನ್ನು ಅಲ್ಲಿ ಒಂದೇ ಸಲಕ್ಕೆ ಸರಿಯಾಗಿ ಹೇಳಿದೆನೆಂದು ನಮ್ಮವಳು ಹೇಳಿದಳು. ಅಧ್ಯಕ್ಷರು ಒಂದೇ ಪ್ರಶ್ನೆ ಕೇಳಿದರು: ನೀವು ಅಂಗಿ ಮುಗಿಸದೆ ಇದ್ದಿದ್ದರೆ ಆತ ಬದುಕುತ್ತಿದ್ದನೇ? ಗೊತ್ತಿಲ್ಲ ಎಂದೆ. ಇನ್ನೊಂದು ದಿನ ಇನ್ನೊಂದು ಕಡೆ ಹಿಡಿಯುತ್ತಿದ್ದರೇನೋ. ಆದರೆ ಆ ಗುರುವಾರ ಅವನು ಮನೆಗೆ ಹೋಗುತ್ತಿದ್ದ.

ಪಟ್ಟಿ ಸಾಹೇಬ ಮೊದಲ ಸಾಲಿನಲ್ಲಿದ್ದ. ಹಳೆಯ ಪ್ಯಾಂಟು ಸೊಂಟಕ್ಕೆ ಬಿಗಿಯಾಗಿ ಕೂರಲಾರದೆ ಕೂತಿದ್ದ. ಆರು ಜನರ ವಿಷಯದಲ್ಲಿ ಅವನ ಅರ್ಜಿ ಉಳಿಯುತ್ತದಂತೆ, ನಾಲ್ಕನೆಯ ನಂಬರಿನ ಮೊಕದ್ದಮೆ ಕೋರ್ಟಿಗೆ ಹೋಗುತ್ತದಂತೆ. ಇನ್ನು ನಂಬರು ಎಂದು ಬರೆಯುವ ಹಾಗಿಲ್ಲ. ಅಧ್ಯಕ್ಷರು ಎದ್ದು ನಿಂತು ಅವನ ಪೂರ್ತಿ ಹೆಸರು ಓದಿದರು. ಸಭೆಯೂ ಎದ್ದು ನಿಂತಿತು. ಅವನ ಹೆಂಡತಿ ಎರಡನೆಯ ಸಾಲಿನಲ್ಲಿ ಆ ಹಳೆಯ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದರು.

ಫೆಬ್ರವರಿ 25, ಮಂಗಳವಾರ

ಅಂಗಡಿಗೆ ಜನ ಕಮ್ಮಿ. ಒಬ್ಬರು ಕೊಟ್ಟ ಬಟ್ಟೆಯನ್ನು ಕತ್ತರಿಸುವ ಮೊದಲೇ ವಾಪಸು ತೆಗೆದುಕೊಂಡು ಹೋದರು. ಇನ್ನೊಬ್ಬರು ಬಂದು ಕೈಕುಲುಕಿ ನೀವು ದೊಡ್ಡ ಮನುಷ್ಯರು ಎಂದರು. ಮೊದಲಿನವರೇ ವಾಸಿ.

ಆರು ಅಂಗಿಯ ಗಂಟನ್ನು ಅವರು ಪಕ್ಕದ ಮನೆಯವರ ಕೈಲಿ ಕಳಿಸಿದ್ದಾರೆ. ಕೆಲಸ ಎಂದಿನಂತೆ, ಒಂದು ಎಳೆ ಹೆಚ್ಚುಕಮ್ಮಿಯಿಲ್ಲ. ಹೊಸ ಗಂಟು ಬೇಕೆಂದು ಹೇಳಿಕಳಿಸಿಲ್ಲ.

ಸಾಹೇಬನ ಪ್ಯಾಂಟು ಗೂಟದಲ್ಲೇ ಇದೆ. ಇನ್ನೂ ಬಿಚ್ಚಿಲ್ಲ.

ಮಾರ್ಚ್ 3, ಸೋಮವಾರ

ಅವರು ಬಂದರು. ಬಾಗಿಲಲ್ಲಿ ನೆರಳು ಬಿದ್ದಾಗ ಗಿರಾಕಿಯೆಂದುಕೊಂಡು ತಲೆಯೆತ್ತಿದೆ. ಕೈಯಲ್ಲಿ ಆಯೋಗದ ಮೊಹರಿನ ಚೀಲ. ಶನಿವಾರ ಅವನನ್ನು ಅವರ ಕೈಗೊಪ್ಪಿಸುತ್ತಾರಂತೆ, ಬಟ್ಟೆಯನ್ನು ಮೊದಲೇ ಕೊಟ್ಟಿದ್ದಾರೆ. ಚೀಲವನ್ನು ಮೇಜಿನ ಮೇಲಿಟ್ಟು ತುಂಡುಗಳನ್ನು ಒಂದೊಂದಾಗಿ ತೆಗೆದು ಸರಿಯಾಗಿ ಜೋಡಿಸಿದರು. ಅವರಿಗೆ ಎಡ ತೋಳು ಬಲ ತೋಳು ಹೇಳಿಕೊಡಬೇಕಾಗಿರಲಿಲ್ಲ.

“ಬಿಡಿ ತುಂಡು ಕೊಟ್ಟು ಕಳಿಸಕ್ಕೆ ಮನಸ್ಸಿಲ್ಲ. ಹೊಲೀಬೇಕು. ನೀವೇ ಹೊಲೀಬೇಕು.”

ನಾನು ಹೂಂ ಎಂದೆ. ಒಗೆಯಬೇಡಿ, ಮಣ್ಣು ಇದ್ದ ಹಾಗೇ ಇರಲಿ ಎಂದರು. ಬೇರೆ ದಾರ ಬೇಡ, ಹತ್ತಿ ದಾರವೇ ಇರಲಿ ಎಂದರು. ಅದಕ್ಕೂ ಹೂಂ ಎಂದೆ. ಆಮೇಲೆ ಅಭ್ಯಾಸಬಲ, ನಲವತ್ತು ವರ್ಷದಿಂದ ಮೇಜಿನ ಹಿಂದೆ ನಿಂತು ಕೇಳುವ ಮಾತು, ಬಾಯಿ ತಪ್ಪಿ ಬಂದುಬಿಟ್ಟಿತು: ಯಾವತ್ತಿಗೆ ಬೇಕು?

ಅವರು ನನ್ನ ಮುಖ ನೋಡಿದರು. ಹದಿನೆಂಟನೆಯ ತಾರೀಖಿನಿಂದ ಮೊದಲ ಸಲ.

“ಗುರುವಾರ. ಸಂಜೆ ಆರಕ್ಕೆ.”

ಬಾಗಿಲವರೆಗೆ ಹೋಗಿ ತಿರುಗಿ, ಕೊನೇ ಕಾಜಾ ಬಿಡಿ, ಅದು ನನ್ನ ಕೆಲಸ ಎಂದರು.

ಮಾರ್ಚ್ 5, ಬುಧವಾರ

ಬೇರೆ ಯಾವ ಬಟ್ಟೆಯನ್ನೂ ಮುಟ್ಟಿಲ್ಲ. ಮಿಷನ್ನಿಗೆ ಹಾಕಿದರೆ ಅಂಚು ಹರಿಯುತ್ತದೆ, ಕೈಯಲ್ಲೇ ಹೊಲಿಯುತ್ತಿದ್ದೇನೆ. ಹಳೆಯ ಸೂಜಿಯ ತೂತುಗಳು ಬಟ್ಟೆಯಲ್ಲಿ ಉಳಿದಿವೆ. ಒಂದೊಂದು ತೂತಿಗೇ ಸೂಜಿ ಹಾಕಿಕೊಂಡು ಹೋಗುತ್ತಿದ್ದೇನೆ. ಅವತ್ತು ಕೈ ನಡುಗಿದ ಕಡೆ ತೂತುಗಳೂ ಸೊಟ್ಟಗಿವೆ, ಬಲ ಬಗಲಿನ ಹತ್ತಿರ. ಅಲ್ಲಿಯೂ ಹಾಗೆಯೇ ಹೋದೆ. ನಮ್ಮವಳು ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಾಳೆ. ತಮಾಷೆ ಮಾಡುತ್ತಿಲ್ಲ.

ಮಾರ್ಚ್ 6, ಗುರುವಾರ

ನಾಲ್ಕು ಗಂಟೆಗೆ ಮುಗಿಯಿತು. ಇಸ್ತ್ರಿ ಹಾಕಲಿಲ್ಲ, ಕೈಯಿಂದ ಒತ್ತಿ ಮಡಿಕೆ ಬಿಡಿಸಿದೆ. ಗುಂಡಿ ಆರೂ ಹಾಕಿದೆ. ಕಾಜಾ ಐದು ಕಟ್ಟಿದೆ. ತೂಗುಹಾಕಿದಾಗ ಎಡ ಭುಜ ಸ್ವಲ್ಪ ಇಳಿದು ನಿಂತಿತು. ಅವನು ಹಾಕಿಕೊಂಡಿದ್ದರೆ ಸಮವಾಗುತ್ತಿತ್ತು. ಅಳು ಬಂತು. ಬರಲಿ ಎಂದು ಬಿಟ್ಟೆ.

ಆರಕ್ಕೆ ಸರಿಯಾಗಿ ಬಂದರು. ಅವನು ಹಳೆಯ ಅಂಗಿ ಬಿಟ್ಟುಹೋಗಿದ್ದ ಬೆಂಚಿನ ಮೇಲೇ ಕೂತರು. ಅಂಗಡಿಯಲ್ಲಿ ಬೆಂಚು ಇರುವುದು ಅದೊಂದೇ. ಹೊಲಿಗೆಯನ್ನು ಬೆಳಕಿಗೆ ಹಿಡಿದು ಉದ್ದಕ್ಕೂ ನೋಡಿದರು. ಬಗಲಿನ ಸೊಟ್ಟ ಹೊಲಿಗೆಯ ಮೇಲೆ ಬೆರಳಿಟ್ಟರು. ಸೆರಗಿನಿಂದ ಸೂಜಿ ತೆಗೆದರು. ನಾನು ಕತ್ತರಿ ಮುಂದಿಟ್ಟೆ. ಆರನೆಯ ಗುಂಡಿಯ ಎದುರು ಸಣ್ಣಗೆ ಸೀಳಿ ಅಂಚು ಕಟ್ಟತೊಡಗಿದರು. ಅವರಿಗೆ ಒಂದು ಕಾಜಾಕ್ಕೆ ಮೂರು ನಿಮಿಷ ಸಾಕು. ಇವತ್ತು ಇಪ್ಪತ್ತು ನಿಮಿಷ ತೆಗೆದುಕೊಂಡರು. ಆ ಇಪ್ಪತ್ತು ನಿಮಿಷ ನಾನು ಕೂರಲಿಲ್ಲ.

ದಾರ ಕಚ್ಚಿ ತುಂಡು ಮಾಡಿ ಮೇಲಿನಿಂದ ಕೆಳಗಿನವರೆಗೆ ಆರೂ ಗುಂಡಿ ಹಾಕಿದರು. ಮಡಿಸಿ ಚೀಲದಲ್ಲಿಟ್ಟುಕೊಂಡರು. ಇನ್ನು ಕಾಜಾ ಕೆಲಸ ಕಳಿಸಬೇಡಿ, ಬೇರೆ ಕಡೆ ನೋಡ್ಕೊಂಡಿದೀನಿ ಎಂದರು. ಆಗಲಿ ಎಂದೆ. ಹೊಸ್ತಿಲ ಹತ್ತಿರ ಒಂದು ಕ್ಷಣ ನಿಂತರು.

“ಇವತ್ತೂ ಹೇಳಿದ ದಿನಕ್ಕೆ ಕೊಟ್ರಿ, ಮಾಸ್ಟ್ರೇ.”

ಅಣ್ಣ ಎನ್ನಲಿಲ್ಲ. ಎನ್ನಬಾರದು ಕೂಡ.

ರಸ್ತೆಗಿಳಿದು ನಿಧಾನವಾಗಿ ನಡೆದರು. ದೀಪದ ಕಂಬ ದಾಟಿದರು. ಜೀಪು ನಿಂತಿದ್ದ ತಿರುವಿನಲ್ಲಿ ಈಗ ಔಷಧಿ ಅಂಗಡಿಯಿದೆ, ಅದರ ಮುಂದೆ ಯಾರೋ ಇಬ್ಬರು ಮಾತಾಡುತ್ತಾ ನಿಂತಿದ್ದರು, ಇವರಿಗೆ ದಾರಿ ಬಿಟ್ಟರು. ಇವರು ತಿರುವು ದಾಟಿ ಮನೆಯ ಕಡೆ ಹೋದರು. ಅಲ್ಲಿಯವರೆಗೂ ನಾನು ಷಟರು ಪೂರ್ತಿ ಮೇಲೆತ್ತಿ ಬಾಗಿಲಲ್ಲೇ ನಿಂತು ನೋಡುತ್ತಿದ್ದೆ.